ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವರದು ಒಂಥರಾ ಅಡುಗೆ ಕೆಲಸ. ಉಣ್ಣುವವರು ಮಾತ್ರ ಬ್ಯಾಕ್ಟೀರಿಯಾಗಳು. ಕಡಲಪಾಚಿಯ ಪುಡಿ ಕುದಿಸಿ, ತುಸು ಆರಿಸಿ, ಕುರಿಯ ರಕ್ತ ಬೆರೆಸಿ, ಅಂಗೈಯಗಲದ ತಟ್ಟೆಗಳಿಗೆ ಹುಯ್ಯಬೇಕು. ಅದರ ಮೇಲೆ ರೋಗಿಯ ಕಫವನ್ನೋ ಮೂತ್ರವನ್ನೋ ಗೀರಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಎರಡು ದಿನ ಕಾಯಬೇಕು. ಚುಕ್ಕೆ ಎದ್ದರೆ ರೋಗ, ಏಳದಿದ್ದರೆ ನಿರಾಳ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ ಮೇಲೆ ನೆಂಟರಿಷ್ಟರೆಲ್ಲ ಅವರನ್ನು ಅರ್ಧ ಡಾಕ್ಟರು ಎನ್ನುತ್ತಿದ್ದರು. ಅದು ತಮಾಷೆ ಎಂದು ಅವರಿಗೆ ಹೊಳೆಯಲೇ ಇಲ್ಲ. ಅಲ್ಪವಿದ್ಯೆ ಮಹಾಗರ್ವಿ ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಒಮ್ಮೆ ಹೆಂಡತಿಗೆ ಜ್ವರ ಬಂತು. ಜೊತೆಗೆ ವಿಪರೀತ ತಲೆನೋವು, ತಲೆಬುಡವಿಲ್ಲದ ಮಾತು. ಅಡುಗೆಮನೆಯಲ್ಲೇ ನಿಂತು ಅಡುಗೆಮನೆ ಎಲ್ಲಿ ಎಂದು ಕೇಳಿದಳು. ತಮ್ಮದೇ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಅವಳ ಬೆನ್ನುಮೂಳೆಯಿಂದ ನೀರು ತೆಗೆದ ಡಾಕ್ಟರಮ್ಮ ಅವರ ಮಗಳ ವಯಸ್ಸಿನವಳು.

"ಸರ್, ಮಿದುಳಿಗೆ ವೈರಸ್ ಹತ್ತಿರೋ ಹಾಗಿದೆ. ಅದರ ಔಷಧಿ ನಮ್ಮಲ್ಲಿಲ್ಲ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

"ತಾಳಮ್ಮ, ನನ್ನ ತಟ್ಟೆ ಏನು ಹೇಳುತ್ತೋ ನೋಡೋಣ."

"ನಿಮ್ಮ ತಟ್ಟೇಲಿ ವೈರಸ್ ಬೆಳೆಯಲ್ಲ ಸರ್. ಬ್ಯಾಕ್ಟೀರಿಯಾ ಆದ್ರೆ ಊಟ ಹಾಕಿದ ಕಡೆ ಉಂಡು, ತಾನೇ ಸಂಸಾರ ಬೆಳೆಸ್ಕೊಳ್ಳುತ್ತೆ. ವೈರಸ್‌ಗೆ ಬದುಕಿರೋ ಜೀವಕೋಶನೇ ಬೇಕು. ಒಳಗೆ ನುಗ್ಗಿ, ಅದರ ಕೈಲೇ ತನ್ನಂಥವನ್ನ ಮಾಡಿಸ್ಕೊಳ್ಳುತ್ತೆ. ನಾನು ಹಾಕಿರೋ ಬ್ಯಾಕ್ಟೀರಿಯಾದ ಔಷಧಿ ಅದಕ್ಕೆ ತಾಗೋದೂ ಇಲ್ಲ."

ಇದೆಲ್ಲ ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ನಿನ್ನೆ ಮೊನ್ನೆ ಬಂದ ಹುಡುಗಿ ತನಗೆ ಪಾಠ ಹೇಳುವುದೇ? ಮೈಯೆಲ್ಲ ಉರಿಯಿತು. ಆಂಬುಲೆನ್ಸ್ ಬೇಡವೆಂದು ಕಾಗದಕ್ಕೆ ಸಹಿ ಹಾಕಿದರು.

ಬೆನ್ನಿನ ನೀರು ಗೀರಿದ ತಟ್ಟೆ ಎರಡನೆಯ ದಿನ ಖಾಲಿ. ಮೂರನೆಯ ದಿನವೂ ಖಾಲಿ. ತಟ್ಟೆ ಹಿಡಿದು ವಾರ್ಡಿಗೆ ಓಡಿದರು. "ಏನೂ ಇಲ್ಲ ಕಣೇ, ಅಮ್ಮಂಗೆ ಏನೂ ಇಲ್ಲ!" ಎಂದು ಮಗಳಿಗೆ ತೋರಿಸಿದರು. ಖಾಲಿ ತಟ್ಟೆ ಕಂಡರೆ ಹಿಗ್ಗುವುದು ಅವರಿಗೆ ಅಷ್ಟು ವರ್ಷಗಳ ಅಭ್ಯಾಸ. ಆ ಮಧ್ಯಾಹ್ನವೇ ಹೆಂಡತಿಗೆ ಫಿಟ್ಸ್ ಬಂತು.

ದೊಡ್ಡಾಸ್ಪತ್ರೆಯವರು ಜೀವ ಉಳಿಸಿದರು, ನೆನಪು ಉಳಿಸಲಾಗಲಿಲ್ಲ. ಮದುವೆ, ಮಗಳ ಬಾಲ್ಯ, ಹಳೆಯದೆಲ್ಲ ಅವಳಿಗೆ ನೆನಪಿದೆ. ಹೊಸದು ಅರ್ಧ ಗಂಟೆಯೂ ನಿಲ್ಲುವುದಿಲ್ಲ. "ಮೂರು ದಿನ ಮೊದಲೇ ತಂದಿದ್ರೆ..." ಎಂದರು ಅಲ್ಲಿನ ವೈದ್ಯರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಗಳು ಅಪ್ಪನೊಡನೆ ಮಾತು ಬಿಟ್ಟಳು.

ಮನೆಗೆ ಬಂದ ಮರುದಿನ ಬೆಳಿಗ್ಗೆ ಹೆಂಡತಿ ಕೇಳಿದಳು, "ರೀ, ನಂಗೆ ಏನಾಗಿದೆ?"

ಅರ್ಧ ಡಾಕ್ಟರು ಒಂದನ್ನೂ ಮುಚ್ಚಿಡಲಿಲ್ಲ. ಡಾಕ್ಟರಮ್ಮ ಹೇಳಿದ್ದು, ತಾವು ಸೊಕ್ಕಿನಿಂದ ತಡೆದದ್ದು, ಎಲ್ಲ ಹೇಳಿದರು. ಅವಳು, "ಹೋಗ್ಲಿ ಬಿಡಿ, ಬೇಕು ಅಂತ ಮಾಡಿದ್ರಾ?" ಎಂದು ಕೈ ಹಿಡಿದಳು. ಅವರು ಬಿಕ್ಕಿ ಬಿಕ್ಕಿ ಅತ್ತರು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡಾಗ ಎದೆ ಹಗುರವಾಗಿತ್ತು.

ಸ್ವಲ್ಪ ಹೊತ್ತಿಗೆ ಅವಳು ಮತ್ತೆ ಕೇಳಿದಳು, "ರೀ, ನಂಗೆ ಏನಾಗಿದೆ?"

ಕೊಟ್ಟ ಕ್ಷಮೆಯೂ ಅವಳ ನೆನಪಿನಿಂದ ಅಳಿಸಿಹೋಗಿತ್ತು. ಅದನ್ನು ಇನ್ನೊಮ್ಮೆ ಪಡೆಯುವ ಆಸೆಯಿಂದ ಅವರು ಮತ್ತೆ ಎಲ್ಲ ಹೇಳಿದರು. ಈ ಸಲ ಅವಳು ಕೈ ಕೊಡವಿಕೊಂಡಳು. "ಥೂ! ನಿಮ್ಮ ಜಂಬಕ್ಕೆ ನನ್ನನ್ನ ಬಲಿ ಕೊಟ್ರಾ? ನನ್ನೆದುರು ನಿಲ್ಲಬೇಡಿ!"

ಅದೂ ಅವಳಿಗೆ ಮರೆತುಹೋಯಿತು. ಅವರಿಗೆ ಮರೆಯಲಿಲ್ಲ. ಊಟದ ಹೊತ್ತಿಗೆ ತಲೆ ಬಾಚಿಕೊಳ್ಳುತ್ತ ಅವಳು ಮೂರನೆಯ ಸಲ ಕೇಳಿದಾಗ ಹೇಳುವ ಧೈರ್ಯ ಬರಲಿಲ್ಲ.

"ಜ್ವರ ಬಂದಿತ್ತು. ಇಳೀತು," ಎಂದರು.

"ಅಷ್ಟೇನಾ?" ಎಂದು ಅವಳು ನಕ್ಕಳು. "ಸದ್ಯ, ಎಲ್ಲ ಗೊತ್ತಿರೋ ನೀವು ಪಕ್ಕದಲ್ಲಿದ್ರಿ. ಬೇರೆ ಯಾರಾದ್ರೂ ಆಗಿದ್ರೆ ನನ್ನ ಗತಿ ಏನಾಗ್ತಿತ್ತೋ!"