ಅಪ್ಪ ಲೆಫ್ಟ್

ಅರ್ಧ ದಿನ ರಜೆ ಹಾಕಿದ್ದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಹಾಕದೆ ಬಂದದ್ದಕ್ಕೆ ಏನೇನು ಹೋಗುತ್ತದೋ ಎಂದುಕೊಳ್ಳುತ್ತ ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಆವಿಯಲ್ಲಿ ಬಿಳಿ ಚಾದರಗಳು ಉಬ್ಬಿ ಇಳಿಯುತ್ತಿದ್ದವು. ಮದುವೆಯಾದಂದಿನಿಂದ ಅಳಿಯನ ಮುಖ ನೋಡದಿದ್ದ ಅಪ್ಪ, ಅಕ್ಕನ ಬಲವಂತಕ್ಕೆ ಅಕ್ಕನ ಜೊತೆಗೇ ಬಂದು ಎರಡು ದಿನ ಇದ್ದ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಡುವವರು. "ನೀನಾದ್ರೂ ಒಂದು ವಾರ ಇರಪ್ಪ" ಎಂದು ಬೆಳಿಗ್ಗೆ ಕೇಳಿದಾಗ ಅಪ್ಪ ಚಪ್ಪಲಿಯ ಧೂಳು ಒರೆಸಿದನೇ ಹೊರತು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಫೋನು ಗುಂಯ್ ಎಂದಿತು. ಗಂಡನ ಸಂದೇಶ, ಎರಡೇ ಪದ: "ಫಾದರ್ ಲೆಫ್ಟ್."

"ಏನೇ, ಮುಖ ಹಿಂಡಿದ ಬಟ್ಟೆ ಥರ ಆಯ್ತು?" ಪಕ್ಕದ ಮೇಜಿನಾಕೆ ಕೇಳಿದಳು.

"ಅಪ್ಪ ಹೊರಟುಬಿಟ್ಟ ಕಣೇ."

"ಬಂದಿದ್ರಲ್ಲ, ಅದೇ ದೊಡ್ಡದು ಬಿಡು. ನಮ್ಮಪ್ಪ ನನ್ ಗಂಡನ್ನ ಕಂಡ್ರೆ ಈಗ್ಲೂ ಪೇಪರ್ ಹಿಂದೆ ಬಚ್ಚಿಟ್ಕೋತಾರೆ!"

ಅವಳು ನಗಲಿಲ್ಲ. ಸಂಜೆ ಮನೆಗೆ ನಡೆಯುವಾಗ ಬೀದಿಯೆಲ್ಲ ಆವಿ ತುಂಬಿದಂತಿತ್ತು. ಎದುರು ಬಂದವರೆಲ್ಲ ಕನಸಿನವರಂತೆ ಸದ್ದಿಲ್ಲದೆ ಸರಿದುಹೋದರು.

ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ, ಕೊರಳಿಗೆ ಟವೆಲ್ ಸುತ್ತಿಕೊಂಡು ಅಪ್ಪ ಕೂತಿದ್ದ. ಹಿಂದೆ ನಿಂತು ಅವಳ ಗಂಡ, ಕಸುಬಿನ ಕ್ಷೌರಿಕ, ಅವನ ಕೂದಲು ಕತ್ತರಿಸುತ್ತಿದ್ದ.

"ಮೊಣಕಾಲು ಹಿಡ್ಕೊಂಡಿದೆ" ಎಂದ ಅಪ್ಪ, ಅವಳತ್ತ ನೋಡದೆ. "ಬಸ್ಸಲ್ಲಿ ಕೂರಕ್ಕಾಗಲ್ಲ. ನಿಮ್ಮಕ್ಕ ಹೋದ್ಲು."

ಅವಳು ಗಂಡನ ಮೇಲೆ ಹರಿಹಾಯ್ದಳು. ಅವನ ಮಾತು ಅವಳಿಗೆ ಬಾರದು, ಅವಳದು ಅವನಿಗೆ ಬಾರದು. ಸರಸ, ಜಗಳ ಎಲ್ಲ ಇಂಗ್ಲಿಷಿನಲ್ಲೇ. "ಲೆಫ್ಟ್ ಅಂತ ಬರೆದ್ಯಲ್ಲ, ಪುಣ್ಯಾತ್ಮ! ಲೆಫ್ಟ್ ಅಂದ್ರೆ ಹೋದ್ರು ಅಂತ!"

ಅವನಿಗೆ ಅರ್ಥವಾಗಲಿಲ್ಲ. "ದಿನಾ ನೀನೇ ಹೇಳ್ತೀಯಲ್ಲ, ಎರಡು ಮೊಟ್ಟೆ ಲೆಫ್ಟ್ ಅಂತ. ಮೊಟ್ಟೆ ಮನೇಲೇ ಇರುತ್ತೆ. ಅಪ್ಪ ಲೆಫ್ಟ್ ಅಂದ್ರೆ ಮಾತ್ರ ಯಾಕೆ ಹೋಗಿಬಿಡ್ತಾರೆ?"

ಹೋದದ್ದಕ್ಕೂ ಉಳಿದದ್ದಕ್ಕೂ ಒಂದೇ ಮಾತು. ಇಷ್ಟು ವರ್ಷ ಆಡಿದರೂ ಅವಳಿಗದು ಹೊಳೆದಿರಲಿಲ್ಲ. ಅವಳು ಕುರ್ಚಿ ಹಿಡಿದು ನಿಂತು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ಏನಂತೆ?" ಎಂದ ಅಪ್ಪ.

"ನೀನೂ ಮೊಟ್ಟೇನೂ ಒಂದೇ ಅಂತೆ."

"ಇರಬಹುದು" ಎಂದು ಅಪ್ಪ ತಲೆ ಬಗ್ಗಿಸಿದ. ಕತ್ತರಿ ಕಿವಿಯ ಹತ್ತಿರ ಬಂದಾಗ ಮೆಲ್ಲಗೆ, "ಅಳಿಯಂದಿರೇ, ಅಲ್ಲಿ ಹುಷಾರು" ಎಂದ.

ಗಂಡ ಅವಳ ಕಡೆ ನೋಡಿದ. "ಅಳಿಯಂದಿರೇ ಅಂದ್ರೆ?"

ಇಂಗ್ಲಿಷಿನಲ್ಲಿ ಅದನ್ನು ಹೇಳಬೇಕಾದರೆ ಮಗನ ಹಿಂದೆ 'ಇನ್ ಲಾ' ಎಂದು ಕಾನೂನನ್ನೂ ಸೇರಿಸಬೇಕು. ಅವಳು ಸೇರಿಸಲಿಲ್ಲ.

"ಸನ್" ಎಂದಳು.

ಕತ್ತರಿ ಗಾಳಿಯಲ್ಲೇ ನಿಂತಿತು. ನೆಲದ ಮೇಲೆ ಅಪ್ಪನ ಬಿಳಿ ಕೂದಲು ಫ್ಯಾನಿನ ಗಾಳಿಗೆ ಅತ್ತಿತ್ತ ಉರುಳುತ್ತಿತ್ತು.