ತೊಟ್ಟಿಲ ಮಾತು, ಬೆನ್ನಿನ ಗುದ್ದು

೨೦೨೪ರ ನವೆಂಬರ್ ೧೭, ರವಿವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ದೊಡವಾಡದ ಸೋಮಪ್ಪನ ಮನೆಯ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿತ್ತು. ಹೆಸರಿಡುವ ಶಾಸ್ತ್ರಕ್ಕೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು, ಎಲ್ಲರ ಕೈಯಲ್ಲೂ ಖಾರದ ಅವಲಕ್ಕಿ ಚೂಡಾ ಇತ್ತು. ತಕರಾರು ಇದ್ದದ್ದೇ ಅಲ್ಲಿ. ಗಂಡು ಹುಟ್ಟಿದರೆ ಪೇಡೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವುದು ಆ ಓಣಿಯ ವಾಡಿಕೆ. ಚೂಡಾ ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ.

"ಸೋಮಣ್ಣಾ," ಪಕ್ಕದ ಮನೆಯ ರಾಚವ್ವ ಕೇಳಿಯೇ ಬಿಟ್ಟಳು, "ಪೇಡೇಕ್ಕ ಗಂಡು, ಜಿಲೇಬಿಗೆ ಹೆಣ್ಣು. ಚೂಡಾಕ್ಕ ಏನ ಹುಟ್ಟತೈತೋ ಯಪ್ಪಾ?"

"ನೀರಡಿಕಿ ಹುಟ್ಟತೈತಿ. ನೀರ ಕುಡಿ," ಎಂದು ಸೋಮಪ್ಪ ಕಟ್ಟೆಗೆ ಹೋಗಿ ಕೂತ.

ಅವನ ಮಗಳು ಭಾಗೀರಥಿಗೆ ನಗು ಬಂತು, ಆದರೆ ನಗುವ ಹೊತ್ತಾಗಿರಲಿಲ್ಲ. ಅವಳ ತಮ್ಮ ಪರಶುವಿನ ಕೂಸು ಅಂತರಲಿಂಗಿಯಾಗಿ ಹುಟ್ಟಿತ್ತು. ಗಂಡು ಇಲ್ಲವೇ ಹೆಣ್ಣು ಎಂದು ಬೆರಳು ಮಾಡಿ ಹೇಳಲು ಬಾರದ ಮೈ. ಬೆಳಗಾವಿಯ ಮಕ್ಕಳ ಡಾಕ್ಟರು ರಕ್ತ ತಪಾಸಣೆ ಮಾಡಿಸಿ, "ಕೂಸು ಗಟ್ಟಿ ಐತ್ರಿ. ಉಚ್ಚೀಗೂ ತ್ರಾಸಿಲ್ಲ. ಕತ್ತರಿ ಹಚ್ಚಾಕ ಕಾರಣನ ಇಲ್ಲ. ಬೇಕೋ ಬ್ಯಾಡೋ ಅನ್ನೂದನ್ನ ದೊಡ್ಡದಾದ ಮ್ಯಾಲೆ ಅದ ಹೇಳ್ಲಿ," ಎಂದಿದ್ದರು. ಸೋಮಪ್ಪ ಅಷ್ಟಕ್ಕೆ ಬಿಡದೆ ದೂರದ ಊರಿನ ಸರ್ಜನ್ ಒಬ್ಬನನ್ನು ಹುಡುಕಿದ್ದ. ಮಂಗಳವಾರ ಕರೆತಂದರೆ ಗಂಡು ಮಾಡಿ ಕಳಿಸುವುದಾಗಿ ಆತ ಹೇಳಿದ್ದ. ಪೇಡೆ ಆಮೇಲೆ. ಕೂಸಿನ ತಾಯಿ ಮಂಜುಳಾ ಬೇಡವೇ ಬೇಡವೆಂದು ಅತ್ತಿದ್ದಳು. ಪರಶು ಅಪ್ಪನೆದುರು ಬಾಯಿ ತೆರೆಯುವ ಪೈಕಿಯಲ್ಲ.

ಬೈಲಹೊಂಗಲದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಭಾಗೀರಥಿ ಅಪ್ಪನಿಗೂ ಪಾಠ ಮಾಡಿ ನೋಡಿದ್ದಳು. ನಿಸರ್ಗ ಎರಡೇ ಅಚ್ಚು ಇಟ್ಟುಕೊಂಡು ಕೂತಿಲ್ಲ, ಅವಸರದ ಕತ್ತರಿಗೆ ಹೋದದ್ದು ತಿರುಗಿ ಬರುವುದಿಲ್ಲ, ಮೈ ಕೂಸಿನದು ಅಂದಮೇಲೆ ಹಕ್ಕೂ ಕೂಸಿನದೇ ಎಂದು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಕ್ರೋಮೋಸೋಮ್ ಬರೆದು ವಿವರಿಸಿದ್ದಳು. ಸೋಮಪ್ಪ ಕೊನೆಯವರೆಗೂ ಕೇಳಿ, "ರಂಗೋಲಿ ಚಂದ ಆಗೇತಿ. ಹೊಸ್ತಲ ಮುಂದ ಹಾಕಬೇಕಿತ್ತ," ಎಂದಿದ್ದ.

ಶಾಸ್ತ್ರ ಶುರುವಾಯಿತು. ಮೊದಲು ಒರಳಿನ ಗುಂಡಕಲ್ಲಿಗೆ ಕೂಸಿನ ಕುಲಾವಿ, ಅಂದರೆ ಕುಂಚಿಗೆ ಕಟ್ಟಿ, ಕೂಸಿನಂತೆಯೇ ತೊಟ್ಟಿಲ ಕೆಳಗಿನಿಂದೊಮ್ಮೆ ಮೇಲಿನಿಂದೊಮ್ಮೆ ಕೈಯಿಂದ ಕೈಗೆ ದಾಟಿಸಿದರು. ರಾಚವ್ವ ಅದರ ಗಲ್ಲಕ್ಕೆ ದೃಷ್ಟಿಬೊಟ್ಟನ್ನೂ ಇಟ್ಟಳು.

"ಚಿಗವ್ವಾ, ಈ ಕಲ್ಲು ಗಂಡೋ ಹೆಣ್ಣೋ?" ಭಾಗೀರಥಿ ಕೇಳಿದಳು.

"ಏ ಹುಚ್ಚಿ, ಕಲ್ಲಿಗೆ ಯಾರರ ಹಂಗ ಕೇಳತಾರೇನ?"

"ಮತ್ತ ಇಷ್ಟ ಮುದ್ದ ಮಾಡಾಕತ್ತೀರಿ?"

"ಕುಂಚಿಗಿ ಕಟ್ಟಿದ ಮ್ಯಾಲ ಮುದ್ದ ಮಾಡಲಾರದ ಬಿಡಾಕ ಬರತೈತೇನವಾ," ಎಂದಳು ರಾಚವ್ವ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಇನ್ನು ಸೋದರತ್ತೆಯ ಪಾಳಿ. ಅತ್ತೆಯಾದವಳು ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅರ್ಧ ಓಣಿ ಬಂದದ್ದೇ ಗುದ್ದುವುದಕ್ಕೆ.

ಸೋಮಪ್ಪ ಒಳಗೆ ಬಂದು ಮಗಳ ಪಕ್ಕ ಪಿಸುಗುಟ್ಟಿದ: "ಗಂಡ ಹೆಸರ ಹೇಳು. ಭೀಮಣ್ಣ. ಮಂಗಳವಾರ ಎಲ್ಲಾ ಸರಿ ಆಗತೈತಿ."

ಭಾಗೀರಥಿ ಬಗ್ಗಿದಳು. ಕೂಸು ಅವಳ ಮುಖ ನೋಡಿ ಆಕಳಿಸಿತು. ಮಂಜುಳಾ ಸೆರಗಿನ ತುದಿ ಕಚ್ಚಿ ನಿಂತಿದ್ದಳು. "ಕುರ್ರ್," ಎಂದಳು ಭಾಗೀರಥಿ. ಭೀಮಣ್ಣ ಎನ್ನುವ ಬದಲು ಎಲ್ಲರಿಗೂ ಕೇಳುವಂತೆ ಹೇಳಿದಳು: "ಹೆದರಬ್ಯಾಡ ಕೂಸ. ನೀ ದೊಡ್ಡದಾಗಿ ಹೂಂ ಅನ್ನೂತನಕ ನಿನ್ನ ಮೈಗೆ ಯಾರೂ ಕತ್ತರಿ ಹಚ್ಚೂದಿಲ್ಲ."

ಹೆಂಗಸರು ಕಾದದ್ದು 'ಕುರ್ರ್' ಒಂದಕ್ಕೇ. ಧಬ ಧಬ ಗುದ್ದು ಬಿದ್ದವು.

"ನಿಲ್ರವಾ! ಆಕಿ ಹೆಸರ ಹೇಳಿಲ್ಲ!" ಸೋಮಪ್ಪ ಕೂಗಿದ.

"ಹೇಳ್ಲಿ ಬಿಡ್ಲಿ, ಗುದ್ದು ಬಿದ್ದ ಹೋದುವು," ಎಂದಳು ರಾಚವ್ವ. "ಹಾಕಿದ ಗುದ್ದ ತಿರುಗಿ ತಗೊಳ್ಳಾಕ ಬರತಾವೇನ?"

"ಅದೆಂಥಾ ತೊಟ್ಟಿಲ ಮಾತು? ನಡಿಯೂದಿಲ್ಲ!"

"ಯಾಕ ನಡಿಯೂದಿಲ್ಲ?" ಮೂಲೆಯಿಂದ ಶೆಟ್ಟೆವ್ವನ ದನಿ ಬಂತು. ಅವಳು ಸೋಮಪ್ಪನ ಅಕ್ಕ. ತಾಯಿ ಸತ್ತಾಗ ಅವನನ್ನು ಬಗಲಲ್ಲಿ ಹೊತ್ತು ದೊಡ್ಡವನನ್ನಾಗಿ ಮಾಡಿದವಳು. "ನಿನ್ನ ಮಗಗ ಸುರೇಶ ಅಂತ ಇಡಬೇಕಿತ್ತ. ಗುದ್ದಿಗೆ ಹೆದರಿ ನಾ ನಮ್ಮ ಎತ್ತಿನ ಹೆಸರ ಹೇಳಿಬಿಟ್ಟೆ. ಅವತ್ತ, ತೊಟ್ಟಿಲದಾಗ ಆಡಿದ ಮಾತ ತಿರುಗಬಾರದು ಅಂದಾಂವ ಯಾರ?"

ಹುಟ್ಟಿದಾಗಿನಿಂದ ಎತ್ತಿನ ಹೆಸರು ಹೊತ್ತಿದ್ದ ಪರಶು ಅಂದು ಬಾಯಿ ತೆರೆದ: "ನೀನ ಅಂದಿದ್ದಿ, ಯಪ್ಪಾ."

ಸೋಮಪ್ಪ ಅಕ್ಕನನ್ನು ಅಡುಗೆಮನೆಗೆ ಕರೆದೊಯ್ದ. ಭಾಗೀರಥಿ ಬೆನ್ನು ತಿಕ್ಕಿಕೊಳ್ಳುತ್ತ ಹಿಂದೆಯೇ ಹೋದಳು.

"ಅಕ್ಕಾ, ನಾಳೆ ಅದರ ಬಾಳೇವು ಏನು? ಮಂದಿ ನಗೂದಿಲ್ಲೇನ?"

"ನನ್ನ ಬಾಳೇವು ಏನಾತೋ?" ಶೆಟ್ಟೆವ್ವ ದನಿ ತಗ್ಗಿಸಿದಳು. "ನಾನೂ ಹಿಂಗ ಹುಟ್ಟಿದಾಕಿ. ನಿನಗ ಗೊತ್ತೈತಿ, ಗೊತ್ತಿಲ್ಲದಂಗ ಕುಂತಿ ಇಷ್ಟ ವರ್ಷ. ನನ್ನ ಪುಣ್ಯೇಕ್ಕ ಆಗ ಇಂಥಾ ಸರ್ಜನ್ ಇರಲಿಲ್ಲ. ಮಂದಿ ನಕ್ರು, ಹೌದು. ಕೊಯ್ಯಬೇಕಂದ್ರ ನಗಾವ್ರ ನಾಲಿಗಿ ಕೊಯ್ಯಿ. ಅದಕ್ಕ ಡಾಕ್ಟರ ಬೇಕಿಲ್ಲ, ಕುಡಗೋಲ ನಾ ಕೊಡತೇನಿ."

ಸೋಮಪ್ಪ ಅಕ್ಕನ ಮುಖ ನೋಡಲಾರದೆ ಚೂಡಾದ ಬುಟ್ಟಿಯನ್ನೇ ನೋಡುತ್ತ ನಿಂತ. ಆಮೇಲೆ ಫೋನು ತೆಗೆದ.

"ಹಲೋ... ಮಂಗಳವಾರ ಬರೂದಿಲ್ರಿ. ಬುಧವಾರನೂ ಇಲ್ರಿ. ಅಲ್ರಿ, ರೊಕ್ಕದ ಮಾತಲ್ಲ. ತೊಟ್ಟಿಲದಾಗ ಮಾತ ಕೊಟ್ಟೇವ್ರಿ. ನಿಮಗ ತಿಳಿಯೂದಿಲ್ಲ, ಇಡ್ರಿ."

ಭಾಗೀರಥಿ ಪಡಸಾಲೆಗೆ ಮರಳಿ ಎರಡನೆಯ ಸಲ ತೊಟ್ಟಿಲಿಗೆ ಬಗ್ಗಿ, ಮಂಜುಳಾ ಆರಿಸಿದ್ದ ಹೆಸರು ಹೇಳಿದಳು: ಕಿರಣ. ಹೆಸರು ಬೇರೆ, ಆದ್ದರಿಂದ ಗುದ್ದೂ ಬೇರೆ ಎಂದು ರಾಚವ್ವ ತೀರ್ಪು ಕೊಟ್ಟಳು. ಈ ಸಲ ಎಲ್ಲಕ್ಕಿಂತ ಜೋರಾಗಿ ಬಿದ್ದದ್ದು ಶೆಟ್ಟೆವ್ವನ ಗುದ್ದು.

ಸಂಜೆ ಸೋಮಪ್ಪ ಮಗಳನ್ನು ಬೈಲಹೊಂಗಲದ ಬಸ್ಸಿಗೆ ಹತ್ತಿಸಲು ಬಂದ. ನಿಲ್ದಾಣದ ಚಹಾದಂಗಡಿಯ ಬಸಯ್ಯ ಕೂಗಿ ಕೇಳಿದ: "ಸೋಮಪ್ಪಾ, ಕೂಸು ಏನೈತೋ?"

ಭಾಗೀರಥಿ ಅಪ್ಪನತ್ತ ತಿರುಗಿದಳು. ಸೋಮಪ್ಪ ಟೋಪಿ ಸರಿಮಾಡಿಕೊಂಡ. ನಿನ್ನೆ ಅಂಗನವಾಡಿಯವರು ಕೂಸನ್ನು ತೂಗಿ ಹೇಳಿದ್ದು ಅವನಿಗೆ ಬಾಯಿಪಾಠವಾಗಿತ್ತು.

"ನಾಕು ಕಿಲೋ ನೂರಾ ಇಪ್ಪತ್ತ ಗ್ರಾಂ," ಎಂದ.