ಹತ್ತಿಮತ್ತೂರಿನ ಹುಲಗೇಶ

ಎಳ್ಳು ಅಂಟುತ್ತಿದೆ, ಹೆಬ್ಬೆರಳಿನ ಬುಡಕ್ಕೆ, ನೀರು ಬಿಟ್ಟಷ್ಟೂ ಒಂದೊಂದು ಕಾಳು ಅಲ್ಲೇ ಉಳಿಯುತ್ತದೆ, ತಾಮ್ರದ ತಟ್ಟೆಗೆ ಅಪ್ಪ ಇಳಿದರು, ಅಜ್ಜ ಇಳಿದರು, ಸೋದರಮಾವಂದಿರು ಇಳಿದರು, ಪಕ್ಷಮಾಸದ ತರ್ಪಣಕ್ಕೆ ಸತ್ತವರೆಲ್ಲ ಸಾಲಾಗಿ ಬಂದು ನೀರು ಕುಡಿದು ಹೋಗುತ್ತಿದ್ದಾರೆ, ಆಚಾರ್ರು ಹೆಸರು ಕೇಳುತ್ತಾರೆ, ಗೋತ್ರ ಕೇಳುತ್ತಾರೆ, ಸುಶೀಂದ್ರರಾಯರ ಬಾಯಿ ಹೇಳುತ್ತದೆ, ಮನಸ್ಸು ಮಾತ್ರ ನಿನ್ನೆ ಓದಿ ಬಿಸಾಕಿದ ಕಥೆಯ ಮೇಲೆ ಕುದಿಯುತ್ತಿದೆ — ಪಾರಿತೋಷಕ ಬಂದ ಕಥೆಯಂತೆ, ಸುದೀಪ ಎಂಬ ಹುಡುಗ ಬರೆದದ್ದು, ಹುಬ್ಬಳ್ಳಿಯ ಲಾಡ್ಜಿನಲ್ಲಿ ಇಬ್ಬರು ಗಂಡಸರು ಒಂದು ಮಧ್ಯಾಹ್ನ ಕೂಡುತ್ತಾರೆ, ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, ಬರೀ ಎರಡು ದೇಹ, ಮೈ ಒರೆಸಿಕೊಂಡು ಬೇರೆ ಬೇರೆ ಬಸ್ಸು ಹತ್ತುತ್ತಾರೆ, ಮುಗಿಯಿತು. ಮುಗಿಯಿತಂತೆ! ಯಾವ ಸೀಮೆಯವನೋ ಇವನು, ಬಸ್ಸಿನಲ್ಲಿ ಪಕ್ಕಕ್ಕೆ ಕೂತವನನ್ನೇ ಊರು ಕೇಳದೆ ಬಿಡದವರು ನಾವು, ಊರು ಕೇಳದೆ ಅಂಗಿಯ ಗುಂಡಿ ಬಿಚ್ಚುತ್ತೇವೆಯೇ.

ಕೇಳಿದ್ದ, ವರ್ಷಗಳ ಹಿಂದೆ ರಾಯರ ಜೊತೆ ಅಂಥದೇ ಲಾಡ್ಜಿಗೆ ಬಂದವನು ಚಿಲಕ ಹಾಕುವ ಮೊದಲೇ ಕೇಳಿದ್ದ, ಯಾವೂರ್ರಿ ನಿಮ್ದು, ಹಾನಗಲ್ಲ, ಅಯ್ಯ ನಮ್ಮಕ್ಕನ್ನ ಹಾನಗಲ್ಲಿಗೇ ಕೊಟ್ಟೇವ್ರಿ, ಹಂಗಾರ ನಾವು ನೀವು ಬೀಗರಾದ್ವಿ ಬಿಡ್ರಿ, ಎಂದು ನಕ್ಕಾಗ ಕಿವಿಯ ಕೆಳಗಿನ ಕಪ್ಪು ಮಚ್ಚೆ ಅಲುಗಿತ್ತು, ಎಳ್ಳಿನಷ್ಟು. ಆ ದಿನ ಏಕಾದಶಿ, ತರಿಸಿದ ಚಹಾ ರಾಯರು ಬೇಡವೆಂದರೆ, ಉಪಾಸ ಐತೇನ್ರಿ, ಮತ್ತ ಉಪಾಸದಾಗ ಇದು ನಡೀತೈತೇನ್ರಿ, ಎಂದು ಕೆಣಕಿ, ತನ್ನ ಚಹಾವನ್ನೂ ಮುಟ್ಟದೆ ಕೆನೆಗಟ್ಟಲು ಬಿಟ್ಟಿದ್ದ — ಅದನ್ನು ಬರೆಯಲಿ ನೋಡೋಣ ಆ ಸುದೀಪ, ಆ ಕೆನೆಗಟ್ಟಿದ ಚಹಾವನ್ನು. ಅದೊಂದೇ ಮಧ್ಯಾಹ್ನ, ಮತ್ತೆ ಸಿಗಲಿಲ್ಲ, ಹುಡುಕಲೂ ಇಲ್ಲ, ಕಳೆದ ವಾರ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಾಚೆ ಫ್ಲೆಕ್ಸಿನಲ್ಲಿ ಸಿಕ್ಕ, ಭಾವಪೂರ್ಣ ಶ್ರದ್ಧಾಂಜಲಿ, ಮೂಲೆಯಲ್ಲಿ ಬುದ್ಧ, ಕೆಳಗೆ ಹತ್ತಿಮತ್ತೂರು, ನಡುವೆ ಅವನ ಮುಖ, ಬೆಳ್ಳಗೆ ಮಾಡುವ ಭರದಲ್ಲಿ ಮಚ್ಚೆಯನ್ನೇ ಅಳಿಸಿದ್ದರು, ಹಾಳಾದವರು, ಕಂಡಕ್ಟರ್ ರೈಟ್ ಅಂದ, ಅಳುವುದಕ್ಕೂ ಬಸ್ಸು ನಿಲ್ಲಲಿಲ್ಲ, ಒಬ್ಬ ಮಚ್ಚೆ ಅಳಿಸುತ್ತಾನೆ, ಒಬ್ಬ ಹೆಸರು ಅಳಿಸಿ ಪಾರಿತೋಷಕ ತಗೊಳ್ಳುತ್ತಾನೆ, ಹರಿಯೇ, ನೀನು ಕೂತು ನೋಡುತ್ತೀ.

ಇನ್ನ ಸಖಾ ಅಂತ ಬರ್ತದ ನೋಡ್ರಿ ರಾಯರ, ಸ್ನೇಹಿತರು ಯಾರರೆ ತೀರ್ಕೊಂಡಾರೇನ್ರಿ — ಆಚಾರ್ರು ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ತಲೆಯಾಡಿಸಿ ಮುಂದೆ ಸಾಗುವುದು, ಪಕ್ಕದಲ್ಲಿ ತಮ್ಮ ಅನಂತ, ಒಳಗೆ ಅವನ ಹೆಂಡತಿ ಎಲೆ ಹಾಕುತ್ತಿದ್ದಾಳೆ, ಇಲ್ಲ ಅಂದುಬಿಟ್ಟರೆ ಈ ಮನೆಯ ಊಟ, ಈ ಮನೆಯ ಮರ್ಯಾದೆ ಇದ್ದ ಹಾಗೇ ಇರುತ್ತದೆ, ಇಲ್ಲ ಅಂದರೆ ತಾನೂ ಅಳಿಸಿದ ಹಾಗೇ — ಹುಲಗೇಶ! ಬಂದೇ ಹೋಯಿತು ಬಾಯಿಂದ, ಜೋರಾಗಿ, ಯಾರನ್ನೋ ಬೈದ ಹಾಗೆ. ಯಾರಂವಾ ಅಣ್ಣಾ, ಅನಂತ ತಲೆಯೆತ್ತುತ್ತಾನೆ. ಗೋತ್ರ ಯಾವುದ್ರಿ, ಆಚಾರ್ರು. ಗೊತ್ತಿಲ್ಲ. ಗೊತ್ತಿಲ್ಲಂದ್ರ ಕಾಶ್ಯಪ ಅನ್ರಿ, ನಡೀತದ. ನಡೀತದಂತೆ, ಕೇಳಿಸಿಕೊಂಡೆಯಾ ಹುಲಗೇಶ, ನಡೀತದಂತೆ. ಯಾವೂರಾಂವ ಅಣ್ಣಾ, ಅನಂತ ಬಿಡುವುದಿಲ್ಲ, ಒಳಗೆ ಎಲೆಗಳ ಸದ್ದು ನಿಂತಿದೆ. ಹತ್ತಿಮತ್ತೂರು. ಹತ್ತಿಮತ್ತೂರಿನಾಂವ. ಕಾಶ್ಯಪ ಗೋತ್ರದ ಹುಲಗೇಶನಿಗೆ ನೀರು ಇಳಿಯುತ್ತದೆ, ಹೆಬ್ಬೆರಳ ಬುಡದಲ್ಲಿ ಒಂದು ಕಾಳು ಉಳಿಯುತ್ತದೆ, ಮತ್ತೆ ನೀರು, ಉಳಿಯುತ್ತದೆ, ಮತ್ತೆ ನೀರು, ಕಪ್ಪಗೆ, ಅಲ್ಲೇ, ಒಂದೇ ಕಾಳು